ಬೇಸ್ ಹಾಡುವ ಸೊಸೆ

ನನ್ನ ದನಿ ದಪ್ಪ. ಫೋನಿನಲ್ಲಿ ಮಾತಾಡಿದರೆ ಈಗಲೂ ಎಷ್ಟೋ ಜನ ‘ಸರ್’ ಎನ್ನುತ್ತಾರೆ. ಶಾಲೆಯ ಕಾಯರ್‌ನಲ್ಲಿ ಟೀಚರ್ ನನ್ನನ್ನು ಹಿಂದಿನ ಸಾಲಿಗೆ ಕಳಿಸಿ, ಬಾಯಿ ಮಾತ್ರ ಆಡಿಸಿದರೆ ಸಾಕು ಎಂದಿದ್ದರು. ಚರ್ಚಿನಲ್ಲಿ ಅಮ್ಮ ಮೊಣಕೈಯಿಂದ ತಿವಿದು, ‘ಸ್ವಲ್ಪ ಮ್ಯಾಲೆ ಎತ್ತಿ ಹಾಡವಾ’ ಎನ್ನುತ್ತಿದ್ದಳು. ಎತ್ತಲು ಹೋದರೆ ದನಿ ಸೀಳುತ್ತಿತ್ತು. ಕಡೆಗೆ ಹಾಡುವುದನ್ನೇ ಬಿಟ್ಟು, ಬೈಬಲ್ ಓದುವ ಸರದಿಗೆ ಮಾತ್ರ ಹೆಸರು ಕೊಡತೊಡಗಿದೆ. ಓದುವಾಗ ಯಾರೂ ತಿವಿಯುವುದಿಲ್ಲ.

ನಮ್ಮದು ಗದಗ ಕಡೆಯ ಮನೆತನ, ಮುತ್ತಜ್ಜನ ಕಾಲದಿಂದ ಕ್ರೈಸ್ತರು. ಅಪ್ಪ ಹಡಗುಕಟ್ಟೆಯ ಕೆಲಸಕ್ಕೆಂದು ಸಿಂಗಪುರಕ್ಕೆ ಬಂದಾಗ ನಾನಿನ್ನೂ ಅಕ್ಷರ ಕಲಿತಿರಲಿಲ್ಲ. ಬೆಳೆದದ್ದು ಬೆಡೋಕ್‌ನಲ್ಲಿ. ಮದುವೆಯಾದದ್ದು ಬಾಗಲಕೋಟೆ ಮೂಲದ ಶೈವ ಮನೆಯ ಹುಡುಗನನ್ನು. ಈಗ ಪುಂಗೋಲ್‌ನಲ್ಲಿ ಮನೆ, ತಂಜಾಂಗ್ ಪಗಾರ್‌ನ ಬ್ಯಾಂಕಿನಲ್ಲಿ ಕೆಲಸ. ಚರ್ಚು ಮಾತ್ರ ಬೆಡೋಕ್‌ನ ಹಳೆಯದೇ. ನಮ್ಮ ಹಾಲ್‌ನಲ್ಲಿ ಒಂದು ಗೋಡೆಗೆ ಅವನ ದೇವರ ಜಗಲಿ, ಎದುರಿನ ಗೋಡೆಗೆ ನನ್ನ ಶಿಲುಬೆ, ನಡುವೆ ಸೋಫಾ. ಜಗಳಗಳು ಆಗಿಲ್ಲವೆಂದಲ್ಲ. ಆದವೆಲ್ಲ ಎಸಿ ಎಷ್ಟಿರಬೇಕು ಎನ್ನುವುದರ ಬಗ್ಗೆ.

ಒಂದು ಭಾನುವಾರ ನಾನು ಬೈಬಲಿನ ಕೀರ್ತನೆ ಓದಿ ವೇದಿಕೆಯಿಂದ ಕೆಳಗಿಳಿದಾಗ ಗಿಟಾರ್ ಅಂಕಲ್ ದಾರಿಗೆ ಅಡ್ಡ ನಿಂತರು. ಚರ್ಚಿನಲ್ಲಿ ಎಲ್ಲರೂ ಅವರನ್ನು ಬಲ್ಲರು. ಬಂದರಿನಲ್ಲಿ ಕ್ರೇನ್ ನಡೆಸಿ ನಿವೃತ್ತರಾದ ಚೀನೀ ಅಂಕಲ್, ಈ ಸೆಕೆಯಲ್ಲೂ ಉದ್ದ ಬೂಟು ಹಾಕುವವರು. ಹರೆಯದಲ್ಲಿ ಇಲ್ಲಿನ ಪಬ್‌ಗಳಲ್ಲಿ ಕಂಟ್ರಿ ಹಾಡುಗಳನ್ನು ಹಾಡುತ್ತಿದ್ದವರಂತೆ. ಕುಡಿತ ಬಿಟ್ಟು ಚರ್ಚಿಗೆ ಬಂದಾಗ ಗಿಟಾರನ್ನೂ ಹಾಡಿನ ಧಾಟಿಯನ್ನೂ ಬಿಡದೆ ಜೊತೆಗೇ ತಂದಿದ್ದರು. ತಮ್ಮಂಥದೇ ವಯಸ್ಸಿನ ಇಬ್ಬರನ್ನು ಕಟ್ಟಿಕೊಂಡು ಕಂಟ್ರಿ ಗಾಸ್ಪೆಲ್, ಅಂದರೆ ಅದೇ ಧಾಟಿಯ ಕ್ರೈಸ್ತ ಭಕ್ತಿಗೀತೆ, ಹಾಡುತ್ತಿದ್ದರು. ಒಬ್ಬರು ರಿಟೈರ್ಡ್ ನರ್ಸ್ ಆಂಟಿ, ಇನ್ನೊಬ್ಬರು ಆಕೆಯ ಗಂಡ. ನಾಲ್ಕನೆಯವರು ಬೇಸ್, ಅಂದರೆ ಎಲ್ಲಕ್ಕಿಂತ ಕೆಳಗಿನ ದನಿ, ಹಾಡುವವರು; ಮಗಳ ಮನೆಗೆಂದು ಪರ್ತ್‌ಗೆ ಹೋಗಿಬಿಟ್ಟಿದ್ದರು.

‘ನಿನ್ ವಾಯ್ಸ್ ನಮಗೆ ಬೇಕು,’ ಎಂದರು ಅಂಕಲ್, ಮಾತಿಗೊಮ್ಮೆ ‘ಲಾ’ ಸೇರಿಸುವ ತಮ್ಮ ಸಿಂಗಪುರದ ಇಂಗ್ಲಿಷಿನಲ್ಲಿ. ‘ಬೇಸ್ ಹಾಡ್ತೀಯಾ?’

‘ಅಂಕಲ್, ನಾನು ಹೆಂಗಸು.’

‘ನೋಡಿದ್ರೆ ಗೊತ್ತಾಗುತ್ತೆ ಲಾ. ಹಾಡಿನ ಕೀ ಚೇಂಜ್ ಮಾಡ್ಕೊಳ್ಳೋಣ, ನಿನ್ ಶ್ರುತಿಗೆ. ಹಾಡು ನಿನ್ನ ಹತ್ರ ಬರುತ್ತೆ, ನೀನ್ಯಾಕೆ ಹಾಡಿನ ಹತ್ರ ಹೋಗ್ಬೇಕು?’

ಹಾಗೆ ನನಗೆ ಯಾರೂ ಹೇಳಿರಲಿಲ್ಲ. ಶನಿವಾರ ಸಂಜೆ ಅಂಕಲ್‌ರ ಬ್ಲಾಕಿನ ವಾಯ್ಡ್ ಡೆಕ್‌ನಲ್ಲಿ, ಅಂದರೆ ಕಟ್ಟಡದ ಕೆಳಗಿನ ಬಯಲು ಅಂಗಳದಲ್ಲಿ, ಚೆಸ್ ಆಡುವ ಕಲ್ಲುಮೇಜಿನ ಸುತ್ತ ಪ್ರಾಕ್ಟೀಸ್ ಶುರುವಾಯಿತು. ಈ ಹಾಡುಗಳು ಅಮೆರಿಕದ ಹಳ್ಳಿಗಾಡಿನವು: ದನ ಕಾಯುವವರು, ಗಣಿಯವರು, ಲಾರಿಯವರು ಹಾಡಿಕೊಂಡವು. ಅದೇ ಧಾಟಿಯಲ್ಲಿ ಅಂಕಲ್ ತಾವೇ ಹೊಸವನ್ನೂ ಕಟ್ಟುತ್ತಿದ್ದರು. ನನಗೆ ಅವು ಹಿಡಿಸಿದ್ದು ಒಂದು ಕಾರಣಕ್ಕೆ. ದೇವರನ್ನು ಹೊಗಳುವ ಮೊದಲು ಅವು ‘ನನಗೆ ಸಾಕಾಗಿದೆ’ ಎಂದು ಒಪ್ಪಿಕೊಳ್ಳುತ್ತವೆ. ವಾರವಿಡೀ ಆಫೀಸಿನಲ್ಲಿ ದುಡಿದು ಬಂದವಳಿಗೆ ಅದು ಪ್ರಾಮಾಣಿಕವಾಗಿ ಕೇಳಿಸುತ್ತಿತ್ತು.

ಮೊದಲ ಸಲ ಚರ್ಚಿನಲ್ಲಿ ಹಾಡಿದಾಗ ನನ್ನ ಸಾಲು ಬರುತ್ತಲೇ ಜನ ನಕ್ಕರು. ತಮಾಷೆಗೆಂದು ಮಾಡುತ್ತಿದ್ದೇನೆ ಎಂದುಕೊಂಡಿರಬೇಕು. ಅಂಕಲ್ ಗಿಟಾರ್ ನಿಲ್ಲಿಸಲಿಲ್ಲ, ನಾನೂ ದನಿ ತಗ್ಗಿಸಲಿಲ್ಲ. ಎರಡನೆಯ ಚರಣದಲ್ಲಿ ನಗು ನಿಂತಿತು. ಮೂರನೆಯದರಲ್ಲಿ ಮುಂದಿನ ಸಾಲಿನ ಹಿರಿಯರೊಬ್ಬರು ಕಣ್ಣು ಮುಚ್ಚಿ ತಲೆದೂಗತೊಡಗಿದರು. ಮೇಲೆ ಮೂರು ದನಿಗಳು ಓಡಾಡುತ್ತಿದ್ದರೆ ಅವು ಕಾಲೂರಿದ್ದು ನನ್ನ ದನಿಯ ಮೇಲೆ. ನನ್ನ ಎದೆಯ ಮೂಳೆ ಗುಂಯ್‌ಗುಡುತ್ತಿತ್ತು. ನನಗೆ ದನಿ ಕೊಟ್ಟವನು ತಪ್ಪು ಮಾಡಿಲ್ಲವೆಂದು ಆವತ್ತು ನಿಶ್ಚಯವಾಯಿತು.

ಮುಂದೆ ಕೆಲ ವರ್ಷಗಳಾದ ಮೇಲೆ ಅತ್ತೆ ಮೊದಲ ಬಾರಿ ಸಿಂಗಪುರಕ್ಕೆ ಬಂದರು. ದಿನಾ ಸ್ನಾನ ಮಾಡಿ, ಹಣೆತುಂಬ ವಿಭೂತಿ ಧರಿಸಿ, ಜಗಲಿಯ ಮುಂದೆ ಕೂರುವವರು. ನನ್ನನ್ನು ಕಂಡರೆ ಸಿಟ್ಟಿರಲಿಲ್ಲ, ಸಲಿಗೆಯೂ ಇರಲಿಲ್ಲ. ಅವರಿದ್ದಾಗ ನಾನು ಮನೆಯಲ್ಲಿ ಮೆತ್ತಗೆ ಮಾತಾಡುತ್ತಿದ್ದೆ. ಒಂದು ಶನಿವಾರ ಗಂಡನಿಗೆ ಆಫೀಸಿನ ಕೆಲಸ ಬಿತ್ತು. ಅತ್ತೆಯೊಬ್ಬರನ್ನೇ ಬಿಟ್ಟು ಹೋಗಲಾರದೆ ಪ್ರಾಕ್ಟೀಸಿಗೆ ಕರೆದುಕೊಂಡು ಹೋದೆ. ನರ್ಸ್ ಆಂಟಿ ಅವರನ್ನು ಕಲ್ಲುಸ್ಟೂಲಿನ ಮೇಲೆ ಕೂರಿಸಿ, ಬಾರ್ಲಿ ನೀರು ತಂದುಕೊಟ್ಟರು. ನಾವು ಹಾಡಿದೆವು. ಅತ್ತೆ ಗ್ಲಾಸನ್ನು ತುಟಿಗೆ ತಾಗಿಸಲೇ ಇಲ್ಲ, ನನ್ನ ಮುಖವನ್ನೇ ನೋಡುತ್ತಿದ್ದರು.

ಹಾಡು ಮುಗಿದ ಮೇಲೆ ಕೇಳಿದರು: ‘ಆ ಕೆಳಗಿನ ದನಿ ನಿಂದೇನ?’

‘ಹೌದು ಅತ್ತಿ.’

‘ಇಂಥಾ ದನಿ ಇಟ್ಕೊಂಡು ಮನ್ಯಾಗ ಯಾಕ ಪಿಸುಪಿಸು ಮಾತಾಡ್ತಿ? ನನಗ ಅರ್ಧ ಕೇಳಸೂದಿಲ್ಲ.’

ವಾಪಸು ಬರುವಾಗ ಬಸ್ಸಿನ ಮೇಲಿನ ಅಂತಸ್ತಿನಲ್ಲಿ ಮುಂದಿನ ಸೀಟೇ ಸಿಕ್ಕಿತು. ಅತ್ತೆ ಸ್ವಲ್ಪ ಹೊತ್ತು ಹೊರಗಿನ ಮರಗಳನ್ನು ನೋಡುತ್ತಿದ್ದು, ನನ್ನ ಕಡೆ ತಿರುಗದೆಯೇ ಕೇಳಿದರು.

‘ಒಂದು ಕೇಳ್ತೀನಿ, ಖರೇ ಹೇಳು. ನೀ ನಂಬಿ ಹಾಡ್ತಿಯೋ, ಹಾಡು ಚಂದ ಅದಾವ ಅಂತ ಹಾಡ್ತಿಯೋ?’

ಪಾಸ್ಟರ್ ಕೂಡ ನನ್ನನ್ನು ಹೀಗೆ ಕೇಳಿರಲಿಲ್ಲ. ಅಪ್ಪನ ಕಡೆಯ ದಿನಗಳ ಸಂಗತಿಯನ್ನು ಅತ್ತೆಗೆ ಹೇಳಿದೆ.

ಅಪ್ಪ ಆಸ್ಪತ್ರೆಯಲ್ಲಿದ್ದಾಗ ನನಗೆ ಪ್ರಾರ್ಥಿಸಲು ಮಾತು ಹೊರಡುತ್ತಿರಲಿಲ್ಲ. ವಾಸಿ ಮಾಡು ಎನ್ನಲು ಡಾಕ್ಟರ ಮುಖ ಬಿಡುತ್ತಿರಲಿಲ್ಲ, ಕರೆದುಕೋ ಎನ್ನಲು ನನಗೇ ಮನಸ್ಸಿರಲಿಲ್ಲ. ಒಂದು ಮಧ್ಯಾಹ್ನ ಅವರ ಕೈ ಹಿಡಿದು ನನಗೆ ಬರುತ್ತಿದ್ದುದನ್ನೇ ಹಾಡಿದೆ. ನನಗೆ ಪೂರ್ತಿ ಬಾಯಿಪಾಠವಿದ್ದದ್ದು ಬೇಸಿನ ಸಾಲು ಮಾತ್ರ. ಅದನ್ನೊಂದನ್ನೇ ಹಾಡಿದರೆ ಹಾಡಿನಂತೆಯೇ ಕೇಳುವುದಿಲ್ಲ: ನಾಲ್ಕು ಸ್ವರ, ಮೌನ, ಮತ್ತೆ ನಾಲ್ಕು ಸ್ವರ. ಅಪ್ಪ ಕಣ್ಣು ಬಿಟ್ಟು, ‘ಉಳಿದವರೆಲ್ಲಿ?’ ಎಂದು ನಕ್ಕರು. ‘ಹಾಡ್ತಿದಾರೆ ಅಪ್ಪ, ನಮಗೆ ಕೇಳ್ತಿಲ್ಲ ಅಷ್ಟೇ,’ ಎಂದುಬಿಟ್ಟೆ. ಸಮಾಧಾನಕ್ಕೆ ಹೇಳಿದ್ದು. ಆದರೆ ಹೇಳಿದ ಮೇಲೆ ಅದು ನಿಜವೆಂದೇ ತೋರಿತು. ಮೌನ ಬಂದಲ್ಲೆಲ್ಲ ಅಳತೆ ತಪ್ಪದೆ ಕಾದು, ನನ್ನ ಸಾಲನ್ನು ಕೊನೆತನಕ ಹಾಡಿದೆ. ಅಪ್ಪ ಅದೇ ವಾರ ತೀರಿಕೊಂಡರು.

‘ಆಮೇಲಿಂದ ನಂಬಿಕೆ ಅಂದ್ರೆ ನನಗೆ ಅದೇ, ಅತ್ತಿ. ನನ್ನ ಭಾಗ ನಾನು ಸರಿಯಾಗಿ ಹಾಡೋದು. ಉಳಿದದ್ದು ಇದೆ ಅಂತ ಗೊತ್ತು.’

ಪುಂಗೋಲ್ ಹತ್ತಿರ ಬಂದಾಗ ಅತ್ತೆ ಸೆರಗು ಸರಿಮಾಡಿಕೊಂಡು, ‘ನಂಬದ ಹಾಡೂದು ನನಗ ತಿಳೀತದ. ನಿಂದು ಹಂಗಿಲ್ಲ. ಚರ್ಚಿನ್ಯಾಗ ಯಾವತ್ತ ಹಾಡ್ತೀರಿ?’ ಎಂದರು.

ಈಸ್ಟರ್ ಬೆಳಿಗ್ಗೆ ಇಳಕಲ್ ಸೀರೆ ಉಟ್ಟು, ಎಂದಿನಂತೆ ವಿಭೂತಿ ಧರಿಸಿ ಬಂದರು. ನನ್ನ ಗಂಡ, ‘ಅವ್ವ, ಚರ್ಚ್‌ಗೆ ಹೋಗ್ತಾ ಇದೀವಿ,’ ಎಂದು ಹಣೆಯ ಕಡೆ ನೋಡಿದ. ‘ಗೊತ್ತದ. ಮಾರಿ ಮನ್ಯಾಗ ಇಟ್ಟು ಬರ್ಲೇನು?’ ಎಂದರು. ನಾನು ಗಟ್ಟಿಯಾಗಿ ನಕ್ಕೆ.

ಚರ್ಚಿನ ಬಾಗಿಲಲ್ಲಿ ಒಬ್ಬ ಆಂಟಿ ಅತ್ತೆಯ ಕೈ ಹಿಡಿದು, ನನಗೆ ಇಂಗ್ಲಿಷಿನಲ್ಲಿ ಹೇಳಿದರು: ಇವರು ಸತ್ಯವನ್ನು ಕಾಣಲೆಂದು ಇಲ್ಲೇ ಎಲ್ಲರೂ ಕೂಡಿ ಪ್ರಾರ್ಥಿಸೋಣ. ಆಕೆಯ ಮನಸ್ಸು ಕೆಟ್ಟದ್ದಲ್ಲ. ಆದರೆ ಅತ್ತೆಯನ್ನು ಹಾಗೆ ನಡುವೆ ನಿಲ್ಲಿಸಲು ನಾನು ತಯಾರಿರಲಿಲ್ಲ. ‘ಆಂಟಿ, ಮನೇಲಿ ಪ್ರೇಯರ್ ಮಾಡಿ. ಇವತ್ತು ಇವರು ನನ್ನ ಹಾಡು ಕೇಳೋಕೆ ಬಂದಿರೋದು,’ ಎಂದೆ. ನನ್ನ ದನಿಯಲ್ಲಿ ಹೇಳಿದರೆ ಎರಡನೆಯ ಸಲ ಹೇಳಬೇಕಾಗುವುದಿಲ್ಲ.

‘ಏನಂದ್ಳು ಅಕಿ?’ ಅತ್ತೆ ಕೇಳಿದರು.

‘ನಿಮ್ಮ ಸಲುವಾಗಿ ಪ್ರಾರ್ಥನೆ ಮಾಡ್ತಾರಂತೆ.’

‘ಮಾಡ್ಲಿ. ನಾನೂ ನಾಳೆ ಅಕಿ ಸಲುವಾಗಿ ಮಾಡ್ತೀನಿ. ಹೆಸರು ಕೇಳು.’

ಆಂಟಿಯ ಹೆಸರು ಕೇಳಿ, ಯಾಕೆಂದೂ ಅವರಿಗೆ ಹೇಳಿದೆ. ಆಂಟಿ ಏನೆಂದುಕೊಂಡರೋ, ಒಂದು ಗಳಿಗೆ ನೋಡಿ ನಕ್ಕು, ಅತ್ತೆಯನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು.

ಎರಡು ಹಾಡು ಹಾಡಿದೆವು. ಎರಡನೆಯದು ಅಂಕಲ್ ಕಟ್ಟಿದ್ದು, ಅದರ ಕತೆಯನ್ನು ಅತ್ತೆಗೆ ಮೊದಲೇ ಕನ್ನಡದಲ್ಲಿ ಹೇಳಿದ್ದೆ. ಹೊರೆ ಹೊತ್ತವನೊಬ್ಬ ಹೊಳೆಯ ದಂಡೆಗೆ ಬರುತ್ತಾನೆ, ದಾಟಿಸುವವನು ಹೊರೆಯ ಜೊತೆ ಅವನನ್ನೂ ಎತ್ತಿಕೊಳ್ಳುತ್ತಾನೆ. ಕೊನೆಯ ಸಾಲು ನನ್ನದೊಬ್ಬಳದೇ. ಹಾಡಿ ಮುಗಿಸಿದಾಗ ಜನ ಚಪ್ಪಾಳೆ ತಟ್ಟಿದರು. ಅತ್ತೆ ತಟ್ಟಲಿಲ್ಲ, ಕೈಮುಗಿದರು.

ಆಮೇಲೆ ಎಲ್ಲರೂ ಸಾಲು ತಿಂಡಿ ಅಂಗಡಿಗಳ ಹಾಕರ್ ಸೆಂಟರ್‌ಗೆ ಹೋದೆವು. ಅತ್ತೆಗೆ ಸಿಪ್ಪೆ ಸುಲಿದ ಹಣ್ಣು, ಕಾಫಿ. ಅಂಕಲ್ ಎದುರಿಗೇ ಕೂತಿದ್ದರು.

‘ಆ ಬೂಟಿನ ಹಿರಿಯರಿಗೆ ಹೇಳು,’ ಎಂದರು ಅತ್ತೆ, ‘ಎರಡನೇ ಹಾಡು ಭಾಳ ಜಲ್ದಿ ಆತು. ಹೊರಿ ಹೊತ್ತಾಂವ ಹಂಗ ಓಡ್ತಾನೇನು?’

ನಾನು ಅನುವಾದಿಸಿದೆ. ಅಂಕಲ್ ಚಮಚ ಕೆಳಗಿಟ್ಟು, ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕುತ್ತಾ ಹಾಡನ್ನು ಒಳಗೊಳಗೇ ಒಮ್ಮೆ ಹಾಡಿ ನೋಡಿಕೊಂಡರು. ಮತ್ತೆ ಇನ್ನೂ ನಿಧಾನವಾಗಿ.

‘ಕರೆಕ್ಟ್ ಲಾ, ನಿನ್ ಮದರ್-ಇನ್-ಲಾ,’ ಎಂದರು.

ಈಗ ಆ ಹಾಡನ್ನು ನಿಧಾನವಾಗಿಯೇ ಹಾಡುತ್ತೇವೆ. ಉಸಿರು ಹಿಡಿಯುವುದು ಕಷ್ಟ, ಆದರೆ ನನಗೆ ಆಗುತ್ತದೆ.