ಬಾಯಿ ಕಾಣಬೇಕು
ತಮಿಳುನಾಡಿನ ನಮ್ಮೂರು ಓಡೈಪಟ್ಟಿಯ ದ್ರಾಕ್ಷಿ ಚಪ್ಪರದ ಕೆಳಗೆ ಯಾರಾದರೂ ನಮ್ಮ ಮನೆಮಾತು ಕನ್ನಡ ಆಡಿದರೆ ಸಾಕು, ಮುತ್ತುಸೆಲ್ವಿಯ ಫೋನು ಅವರ ಮೂಗಿನ ಮುಂದಿರುತ್ತದೆ. ಊರಿನ ವಿಡಿಯೊ ಚಾನೆಲ್ಲಿಗೆ ಅವಳೇ ಒಡತಿ, ಅವಳೇ ಸರ್ವಾಧಿಕಾರಿ. ಎಲೆಯಡಿಕೆ ಉಗಿಯದೆ ಯಾರೂ ಮಾತಾಡುವಂತಿಲ್ಲ. ಮೀಸೆ ತುಟಿಯ ಮೇಲೆ ಇಳಿದಿದ್ದರೆ ಕತ್ತರಿಯನ್ನೇ ತರುತ್ತಾಳೆ. "ಕೊಂಜ ಬೆಳಕಿಗೆ ತಿರುಗಣ್ಣಾ, ಬಾಯಿ ಕಾಣ್ಲಿ!" ನಾಲ್ಕು ಜನರ ಎದುರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮಾತಾಡುವುದು ನಮ್ಮ ಹೆಂಗಸರ ಮರ್ಯಾದೆ. ಕಥೆ ಹೇಳುತ್ತಿದ್ದ ಮಾರಿಯಮ್ಮಾಳಜ್ಜಿಯ ಬಾಯಿಂದ ಅವಳು ಆ ಸೆರಗನ್ನು ಸರಿಸಿದಾಗ "ಎಷ್ಟು ತಿಮಿರು ಇವ್ಳಿಗೆ!" ಎಂದು ಊರೇ ಬೈಯಿತು. ಈ ಹಟವೆಲ್ಲ ಒಬ್ಬಳಿಗಾಗಿ. ಮುತ್ತುಸೆಲ್ವಿಯ ಅಣ್ಣನ ಮಗಳು ತೇನ್‌ಮೊಳಿಗೆ ಹುಟ್ಟಿನಿಂದ ಕಿವಿ ಕೇಳದು. ದಿಂಡಿಗಲ್ಲಿನ ಶಾಲೆಯಲ್ಲಿ ತುಟಿ ನೋಡಿ ತಮಿಳು ಕಲಿತಳು. ಮನೆಮಾತು ಕಲಿಸುವ ಶಾಲೆ ಎಲ್ಲಿದೆ? ಅತ್ತೆಯ ವಿಡಿಯೊಗಳೇ ಅವಳ ಪಾಠ. ಮೊನ್ನೆ ಚಾನೆಲ್ಲಿನಲ್ಲಿ ಆ ಹುಡುಗಿಯದೇ ವಿಡಿಯೊ ಬಂತು. ಅಜ್ಜಿ ಹೇಳಿದ್ದ ಕಥೆಯನ್ನೇ ಅವಳು ಸದ್ದಿಲ್ಲದೆ, ಬರೀ ತುಟಿಯಾಡಿಸಿ ಹೇಳಿದ್ದಳು. "ಸೌಂಡೇ ಬರಲ್ಲಕ್ಕಾ" ಎಂದು ದೂರುಗಳು ಶುರುವಾದವು. ಮುತ್ತುಸೆಲ್ವಿ ಎಲ್ಲರಿಗೂ ಒಂದೇ ಉತ್ತರ ಕೊಟ್ಟಳು: "ಮಾತಾಡ್ತಾ ಅವ್ಳೆ. ಬಾಯಿ ನೋಡ್ರಪ್ಪಾ."