ಬಾವಿಯೊಳಗೆ ಕೇಳಿದ ಕೂಗು

ದೆವ್ವ, ಅಶರೀರವಾಣಿ ಇವೆಲ್ಲ ಕೆಲಸವಿಲ್ಲದವರ ಮಾತು ಎಂದು ನಾನು ಬಹಳ ವರ್ಷ ನಗುತ್ತಿದ್ದವನು. ಸಿಡಿಮದ್ದಿನ ಜೊತೆ ಬದುಕಿದವನಿಗೆ ಬೇರೆ ದೆವ್ವ ಯಾಕೆ ಬೇಕು? ಸೈನ್ಯದಲ್ಲಿದ್ದಾಗ ಶತ್ರು ದಾಟದಂತೆ ಸೇತುವೆ ಉರುಳಿಸುವುದು ನನ್ನ ಕೆಲಸವಾಗಿತ್ತು. ಎಪ್ಪತ್ತೊಂದರ ಯುದ್ಧ ಮುಗಿದ ಮೇಲೆ ನಂದಗುಡಿ ಪಕ್ಕದ ನಮ್ಮೂರಿಗೆ ಬಂದೆ. ಇಲ್ಲಿ ಅದೇ ಮದ್ದು ಬಾವಿಗೆ ಬೇಕಾಗಿತ್ತು.

ಊರವರೆಲ್ಲ ಸೇರಿ ಕುಡಿಯುವ ನೀರಿಗೆಂದು ತೋಡುತ್ತಿದ್ದ ಬಾವಿಯಲ್ಲಿ ಬಂಡೆ ಅಡ್ಡ ಬಂದಿತ್ತು. ತಾತನ ಕಾಲದಲ್ಲಿ ಬಂಡೆಯ ಮೇಲೆ ಸೌದೆ ಉರಿಸಿ, ಕಾದ ಕಲ್ಲಿಗೆ ನೀರು ಸುರಿದು ಬಿರುಕು ಬಿಡಿಸುತ್ತಿದ್ದರಂತೆ. ಅಪ್ಪನ ಕಾಲಕ್ಕೆ ಕರಿಮದ್ದು ಬಂತು, ನಮ್ಮ ಕಾಲಕ್ಕೆ ಜಿಲೆಟಿನ್ ಕಡ್ಡಿ. ನಾನೂ ಕಲ್ಲುಕೆಲಸದ ಮುನಿಯಪ್ಪನೂ ಕುಳಿ ಹೊಡೆದು, ಕಡ್ಡಿ ತುಂಬಿ, ಬತ್ತಿಗೆ ಬೆಂಕಿ ಕೊಟ್ಟು ಮೇಲೆ ಬಂದೆವು. ಒಂದು ಕುಳಿ ಬಿಟ್ಟು ಉಳಿದವೆಲ್ಲ ಸಿಡಿದವು.

ಬಿಸಿಲು ನೆತ್ತಿಗೇರುವವರೆಗೆ ಕಾದೆವು.

"ಬತ್ತಿ ಆರೋಗೈತೆ ಕಣಣ್ಣ, ಇಳಿಯಾನ ಬಾ," ಅಂದ ಮುನಿಯಪ್ಪ.

ಜನರನ್ನು ದೂರ ಕಳಿಸಿ ಇಬ್ಬರೂ ಇಳಿದೆವು. ಸಿಡಿಯದೆ ಉಳಿದ ಕುಳಿಯ ಮೇಲೆ ಬಗ್ಗಿದ್ದೇನೆ, ಮೇಲಿನಿಂದ ಅಮ್ಮ ಕೂಗಿದಳು: "ಮಗಾ, ಬೇಗ ಮೇಲಕ್ ಬಾರೋ!"

ಅಮ್ಮನದೇ ಗಂಟಲು. ಯೋಚಿಸದೆ ಏಣಿ ಹಿಡಿದೆ. ನೋಡಿದರೆ ಮುನಿಯಪ್ಪ ನನಗಿಂತ ಮೊದಲೇ ಹತ್ತುತ್ತಿದ್ದಾನೆ! ಮೇಲೆ ಬಂದು ಕಲ್ಲುಗುಡ್ಡೆಯ ಹಿಂದೆ ಬಿದ್ದೆವೋ ಇಲ್ಲವೋ, ನೆಲ ನಡುಗಿತು. ತಲೆಯ ಮೇಲೆ ಕಲ್ಲು ಹಾರಿದವು.

"ನಮ್ಮಮ್ಮ ಎಲ್ಲಿ?" ಅಂದೆ.

"ನಿಮ್ಮಮ್ಮನಾ? ಕೂಗಿದ್ದು ನನ್ನ ಹೆಂಡ್ತಿ ಅಲ್ವಾ?" ಅಂದ ಮುನಿಯಪ್ಪ.

ಅಮ್ಮ ಆ ದಿನ ಅನುಗೊಂಡನಹಳ್ಳಿಯಲ್ಲಿ, ನನ್ನ ತಂಗಿಯ ಬಾಣಂತನಕ್ಕೆ ಹೋಗಿದ್ದಳು. ಅವನ ಹೆಂಡತಿ ಜಡಿಗೇನಹಳ್ಳಿಯ ತವರಿನಲ್ಲಿ. ದೂರ ನಿಂತಿದ್ದ ಜನಕ್ಕೆ ಯಾವ ಕೂಗೂ ಕೇಳಿರಲಿಲ್ಲ.

ಅಷ್ಟರಲ್ಲಿ ಬಾವಿಯೊಳಗೆ ಬುಳುಬುಳು ಸದ್ದು. ಬಂಡೆ ಎರಡಾಗಿ ಸೀಳಿ, ನಡುವಿನಿಂದ ನೀರು ಉಕ್ಕುತ್ತಿತ್ತು. "ನೀರ್ ಬಂತು ಕಣ್ರಪ್ಪೋ!" ಎಂದು ಮುನಿಯಪ್ಪ ಅರಚಿದ. ಊರಿಗೆ ಊರೇ ಓಡಿ ಬಂತು. ನಮ್ಮಿಬ್ಬರನ್ನೂ ಹೆಗಲ ಮೇಲೆ ಹೊತ್ತು ಕುಣಿದರು. ಕೆಸರು ನೀರನ್ನೇ ತಲೆಗೆ ಸುರಿದರು. ಸೇತುವೆಗಳು ಬಿದ್ದಾಗಲೂ ನಾವು ಜಯಕಾರ ಹಾಕಿದ್ದುಂಟು. ಆದರೆ ಆ ದಿನದ ಗೆಲುವಿನ ಮುಂದೆ ಅದೆಲ್ಲ ಏನೂ ಅಲ್ಲ.

ಆಮೇಲೆ ಅಮ್ಮನನ್ನು ಕೇಳಿದೆ. "ಮಗೂಗೆ ನೀರು ಹುಯ್ತಿದ್ದೆ ಕಣೋ, ನಿನ್ನ ಗ್ಯಾನವೇ ಇರಲಿಲ್ಲ," ಅಂದಳು. ಮುನಿಯಪ್ಪನ ಹೆಂಡತಿಯಂತೂ ಗಂಡನ ಮೇಲೆ ಮುನಿಸಿಕೊಂಡು ಅವನ ಹೆಸರೇ ಎತ್ತಿರಲಿಲ್ಲವಂತೆ.

ಬತ್ತಿ ಒದ್ದೆಯಾಗಿ ಒಳಗೊಳಗೇ ಉರಿದದ್ದರಿಂದ ಮದ್ದು ತಡವಾಗಿ ಸಿಡಿಯಿತು. ಅದನ್ನು ನಾನು ವಿವರಿಸಬಲ್ಲೆ. ಒಂದೇ ಗಳಿಗೆಯಲ್ಲಿ ಇಬ್ಬರಿಗೆ ಎರಡು ಬೇರೆ ಗಂಟಲು ಕೇಳಿಸಿದ್ದು ಹೇಗೆ? ಓದುಗರೇ, ಇವತ್ತಿಗೂ ನನಗೆ ಗೊತ್ತಿಲ್ಲ.