ಕಾರಣ ಹೇಳದೆ ಹೋದ ವಕೀಲರು

ಅವರ ಮೂಗಿನ ಇಬ್ಬದಿಯಲ್ಲೂ ಕನ್ನಡಕ ಒತ್ತಿ ಒತ್ತಿ ಕೆಂಪು ಗುಳಿ ಬಿದ್ದಿತ್ತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರೆಂದರೆ ತೀರ್ಮಾನ ಆಯಿತೆಂದೇ ಅರ್ಥ. ಹೊಸದುರ್ಗದ ಕೋರ್ಟಿನಲ್ಲಿ ಅವರು ನನ್ನ ವಕೀಲರಾಗಿದ್ದರು. ಹತ್ತಕ್ಕೆ ಬನ್ನಿ ಎಂದರೆ ಹತ್ತಕ್ಕೆ ಬಾಗಿಲು ತೆರೆದಿರುತ್ತಿತ್ತು. ಜೀವಮಾನವೆಲ್ಲ ಗಂಟೆ ಹೊಡೆಸಿ ಶಾಲೆ ನಡೆಸಿದ ನನಗೆ ಅದೇ ಹಿಡಿಸಿತ್ತು.

ಮಾಡದಕೆರೆಯಲ್ಲಿ ಅವ್ವನ ಹೆಸರಿನಲ್ಲಿದ್ದ ಜಮೀನಿನಲ್ಲಿ ಪಾಲು ಬೇಕೆಂದು ಅಕ್ಕ ದಾವೆ ಹಾಕಿದ್ದಳು. ಎಲ್ಲವೂ ನನಗೇ ಎಂಬ ಅವ್ವನ ಉಯಿಲು ನನ್ನ ಬಳಿ ಇತ್ತು. ವಕೀಲರು ಸಹಿಯ ಮೇಲೆ ಬೆರಳಿಟ್ಟು, "ಇದು ಅವ್ವಾರೇ ಹಾಕಿದ್ದಾ, ಮೇಷ್ಟ್ರೇ?" ಎಂದರು.

"ಬರೆಸಿದ್ದು ಅವ್ವನೇ. ಸಹಿ ಹಾಕೋಕೆ ಮುಂಚೆ ಹೋಗ್ಬಿಟ್ಲು. ಕೆಲಸ ಅರ್ಧಕ್ಕೆ ನಿಲ್ಬಾರ್ದು ಅಂತ ನಾನೇ ಹಾಕ್ದೆ."

ಕನ್ನಡಕ ಮೇಜಿಗೆ ಬಂತು.

"ಇದನ್ನ ಬಿಟ್ಟು ಕೇಸ್ ನಡ್ಸಾಣ. ಅಕ್ಕಾರ ಪಾಲು ಅಕ್ಕಾರಿಗೆ ಕೊಡ್ರಿ."

"ಆಗಲ್ಲ. ಉಯಿಲು ಕೋರ್ಟಿಗೆ ಹೋಗ್ಲೇಬೇಕು."

"ಹಂಗಾದ್ರೆ ಬೇರೆಯೋರ್ನ ನೋಡ್ಕಳ್ರಿ. ಸುಳ್ಳು ಅಂತ ಗೊತ್ತಿದ್ದೂ ನಾನು ಕೋರ್ಟ್ ಮುಂದೆ ಇಡಾಕಾಗಲ್ಲ. ನೀವು ಹೇಳಿದ್ದು ನನ್ ಹತ್ರಾನೇ ಇರ್ತೈತೆ. ಅದನ್ನ ಹೊರಗೆ ಆಡಂಗಿಲ್ಲ ನಾನು."

ಫೈಲಿನ ಪುಟ ಎಣಿಸಿ ಕೊಟ್ಟರು. ಹಾಗೆಂದು ನನ್ನನ್ನು ನಡುನೀರಿನಲ್ಲಿ ಬಿಡಲಿಲ್ಲ. ಬೇರೆ ವಕೀಲರು ಸಿಗುವವರೆಗೆ ಎರಡು ವಾಯಿದೆಗೆ ತಾವೇ ಹಾಜರಾಗಿ ಸಮಯ ಕೇಳಿದರು. ನ್ಯಾಯಾಧೀಶರು ವಿಚಾರಿಸಿದಾಗ "ಸ್ವಂತ ಕಾರಣ, ಸ್ವಾಮಿ" ಎಂದಷ್ಟೇ ಹೇಳಿ ವಕಾಲತ್ತು ಹಿಂತೆಗೆದುಕೊಂಡರು.

ನಾನು ಕೋರ್ಟಿನೆದುರಿನ ಚಹಾದಂಗಡಿಯಲ್ಲಿ ಕುಳಿತು, ಎದುರು ಪಾರ್ಟಿ ಅವರನ್ನು ಕೊಂಡುಕೊಂಡಿದೆ ಎಂದೆ. ಮೇಷ್ಟ್ರ ಮಾತೆಂದು ಜನ ನಂಬಿದರು. ಒಮ್ಮೆ ಅಂಗಡಿಯವನು ಅವರ ಮುಖಕ್ಕೇ, "ಏನ್ ವಕೀಲ್ರೇ, ಮೇಷ್ಟ್ರ ಕೇಸ್ ಎಷ್ಟಕ್ಕೆ ಬಿಟ್ರಿ?" ಎಂದು ನಕ್ಕ. ನಾನು ಪಕ್ಕದ ಬೆಂಚಿನಲ್ಲೇ ಇದ್ದೆ. ಅವರು ಕನ್ನಡಕ ಒರೆಸಿ ಹಾಕಿಕೊಂಡು, "ಸಕ್ಕರೆ ಕಡಿಮೆ ಹಾಕಪ್ಪ" ಎಂದರು. ನನ್ನ ಕಡೆ ನೋಡಲಿಲ್ಲ.

ಹೊಸ ವಕೀಲರಿಗೆ ನಾನು ನಿಜ ಹೇಳಲಿಲ್ಲ. ಕೇಸು ಗೆದ್ದೆ.

ಹೋದ ತಿಂಗಳು ಅವರು ತೀರಿಕೊಂಡರು. ಮಣ್ಣು ಮುಗಿಸಿ ಬರುವಾಗ ಅದೇ ಅಂಗಡಿಯವನು, "ಒಳ್ಳೇ ಮನುಷ್ಯ. ನಿಮ್ ಕೇಸ್ನಾಗೆ ಮಾತ್ರ ಹಂಗ್ ಮಾಡ್ಬಾರ್ದಾಗಿತ್ತು" ಎಂದ. ಆಗಲೂ ನಾನು ಚಹಾ ಕುಡಿದು ಎದ್ದು ಬಂದೆ.

ಈಗ ಬರೆಯುತ್ತಿದ್ದೇನೆ: ಆ ಸಹಿ ನನ್ನದು. ವಕೀಲರು ತಮ್ಮನ್ನು ಯಾರಿಗೂ ಮಾರಿಕೊಂಡಿರಲಿಲ್ಲ. ನಿನ್ನೆ ಅಕ್ಕನ ಮನೆಗೆ ಹೋಗಿ ಇಷ್ಟನ್ನೂ ಹೇಳಿದೆ. ಅವಳು, "ಜಮೀನು ಹಾಳಾಗ್ಲಿ, ಲೇ ತಮ್ಮಾ, ಆ ವಕೀಲ್ರು ಬದ್ಕಿದ್ದಾಗ ಹೇಳ್ಬೇಕಿತ್ತಲ್ಲೋ" ಎಂದಳು.